ಹಳೇ ಸ್ಪೀಕರ್‌ಗೆ ಪಿಎಸ್4, ಪಿಎಸ್5 ಸದ್ದು: ಆಪ್ಟಿಕಲ್ ಡಬ್ಬಿ, ಎಚ್‌ಡಿಎಂಐ ಡಬ್ಬಿ ಎರಡನ್ನೂ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಪ್ಲೇಸ್ಟೇಷನ್ (ಪಿಎಸ್) ಥರದ ಗೇಮ್ ಕನ್ಸೋಲ್‌ನ ಸದ್ದನ್ನು ಹಳೇ ಸ್ಪೀಕರ್‌ಗೆ ಹೊಂದಿಸಿಕೊಡುವ ಈ ಡಬ್ಬಿ ಚೆನ್ನಾಗಿದೆ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಮನೆಯಲ್ಲಿ ಒಳ್ಳೆಯ ಹಳೇ ಆಂಪ್ಲಿಫೈಯರ್, ಸ್ಪೀಕರ್ ಇಟ್ಟುಕೊಂಡು ಗೇಮ್‌ನ ಸದ್ದನ್ನು ಮಾತ್ರ ಟಿವಿಯಿಂದ ಕೇಳುತ್ತಿರುವವರು ಖಂಡಿತ ತರಬೇಕು. ಆದರೆ ಯಾವ ಡಬ್ಬಿ ತರಬೇಕು ಅನ್ನುವುದು ನಿಮ್ಮ ಕನ್ಸೋಲ್‌ನ ಹಿಂದೆ, ಟಿವಿಯ ಹಿಂದೆ ಯಾವ ಯಾವ ಪೋರ್ಟ್ ಇವೆ ಅನ್ನುವುದರ ಮೇಲೆ ಹೋಗುತ್ತದೆ. ತಂದ ಮೇಲೆ ಎರಡು ವಿಷಯ ಸರಿ ಮಾಡಿಕೊಳ್ಳಬೇಕು, ಒಂದು ಸೆಟ್ಟಿಂಗ್, ಇನ್ನೊಂದು ಕರೆಂಟ್. ಆನ್‌ಲೈನ್‌ನಲ್ಲಿ ಈ ಡಬ್ಬಿಗಳಿಗೆ ಒಂದು ಸ್ಟಾರ್ ಕೊಟ್ಟು ಬೈದಿರುವವರಲ್ಲಿ ತುಂಬಾ ಜನ ಈ ಎರಡರಲ್ಲಿ ಒಂದರಲ್ಲಿ ಸಿಕ್ಕಿಕೊಂಡವರೇ ಅಂತ ಓದಿದರೆ ಗೊತ್ತಾಗುತ್ತದೆ.

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿ. ಹಾಲ್‌ನಲ್ಲಿ ಅಪ್ಪ ಕೊಂಡಿದ್ದ ಸ್ಟೀರಿಯೊ ಆಂಪ್ಲಿಫೈಯರ್, ಮರದ ಪೆಟ್ಟಿಗೆಯ ಎರಡು ಸ್ಪೀಕರ್ ಇವೆ. ಇವತ್ತಿಗೂ ಸೊಗಸಾಗಿ ಹಾಡುತ್ತವೆ. ಆಂಪ್ಲಿಫೈಯರ್‌ನ ಹಿಂದೆ ಇರುವುದು ಕೆಂಪು, ಬಿಳಿ ಆರ್‌ಸಿಎ ಜಾಕ್ ಮಾತ್ರ. ಪಿಎಸ್2, ಪಿಎಸ್3 ಕಾಲದಲ್ಲಿ ಇದೊಂದು ವಿಷಯವೇ ಆಗಿರಲಿಲ್ಲ, ಹಳದಿ-ಬಿಳಿ-ಕೆಂಪು ವೈರ್ ಡಬ್ಬದ ಜೊತೆಗೇ ಬರುತ್ತಿತ್ತು. 2013ರ ಪಿಎಸ್4ನಲ್ಲಿ ಅದನ್ನು ತೆಗೆದುಬಿಟ್ಟರು. ಈಗ ಕನ್ಸೋಲ್‌ನ ಹಿಂಬದಿಯಿಂದ ಸದ್ದು ಹೊರಬರುವುದು ಅಂಕಿಗಳಾಗಿ, ಅಂದರೆ ಡಿಜಿಟಲ್ ಆಗಿ. ಸ್ಪೀಕರ್‌ಗೆ ಬೇಕಾಗಿರುವುದು ಏರಿಳಿಯುವ ವೋಲ್ಟೇಜ್. ನಡುವೆ ಕೂತು ಅಂಕಿಯನ್ನು ವೋಲ್ಟೇಜ್ ಮಾಡಿಕೊಡುವುದೇ ಈ ಡಬ್ಬಿಯ ಕೆಲಸ. ಡ್ಯಾಕ್ ಅಂತಾರಲ್ಲ, ಅದೇ ಇದು.

ಇದನ್ನು ವಿವರಿಸಿ ಕೇಳಿದಾಗ ಒಂದು ದೊಡ್ಡ ಶೋರೂಮ್‌ನಲ್ಲಿ ಸಿಕ್ಕ ಉತ್ತರ, 'ಹಳೇದೆಲ್ಲಾ ಈಗ ಕನೆಕ್ಟ್ ಆಗಲ್ಲ ಮೇಡಂ, ಸೌಂಡ್‌ಬಾರ್ ತಗೊಳ್ಳಿ' ಅಂತ. ಇದು ಶುದ್ಧ ಸುಳ್ಳು, ನನಗೆ ಸಿಟ್ಟು ಬಂತು. ಎಷ್ಟು ಮನೆಗಳಲ್ಲಿ ಒಳ್ಳೊಳ್ಳೆ ಸ್ಪೀಕರ್‌ಗಳು ಇಂಥ ಮಾತು ಕೇಳಿ ಅಟ್ಟಕ್ಕೆ ಹೋಗಿವೆಯೋ! ಆಮೇಲೆ ಶಿವರಾಂಪೇಟೆಯ ಒಂದು ಸಣ್ಣ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದೆ. ಅಲ್ಲಿದ್ದವರು ಡಬ್ಬಿ ತೋರಿಸುವ ಮೊದಲೇ ಕೇಳಿದ್ದು ಒಂದೇ ಪ್ರಶ್ನೆ: 'ನಿಮ್ಮದು ದಪ್ಪ ಪಿಎಸ್4ಆ, ಸ್ಲಿಮ್ಮಾ ಮೇಡಂ?' ಇವರಿಗೆ ವಿಷಯ ಗೊತ್ತಿದೆ ಅಂತ ಅಲ್ಲೇ ಗೊತ್ತಾಯಿತು.

ಯಾಕೆ ಆ ಪ್ರಶ್ನೆ ಅಂದರೆ, ಮೊದಲು ಬಂದ ಪಿಎಸ್4ನಲ್ಲಿ, ಆಮೇಲಿನ ಪ್ರೋದಲ್ಲಿ ಆಪ್ಟಿಕಲ್ ಔಟ್, ಅಂದರೆ ಸದ್ದನ್ನು ಬೆಳಕಾಗಿ ಕಳಿಸುವ ಪೋರ್ಟ್ ಇದೆ. 2016ರ ಸ್ಲಿಮ್‌ನಲ್ಲಿ ಇಲ್ಲ. 2020ರ ಪಿಎಸ್5ನಲ್ಲೂ ಇಲ್ಲ. ಎಕ್ಸ್‌ಬಾಕ್ಸ್ ಕಡೆ ಬಂದರೆ ಒನ್, ಒನ್ ಎಸ್, ಒನ್ ಎಕ್ಸ್ ಮೂರರಲ್ಲೂ ಇದೆ, ಸೀರೀಸ್ ಎಕ್ಸ್ ಮತ್ತು ಎಸ್‌ನಲ್ಲಿ ಇಲ್ಲ. ನಿಂಟೆಂಡೊ ಸ್ವಿಚ್‌ನ ಡಾಕ್‌ನಲ್ಲಿ, ಅಂದರೆ ಅದನ್ನು ಟಿವಿಗೆ ಜೋಡಿಸುವ ಸ್ಟ್ಯಾಂಡ್‌ನಲ್ಲಿ, ಆಪ್ಟಿಕಲ್ ಇಲ್ಲ. ಆಪ್ಟಿಕಲ್ ಪೋರ್ಟ್ ಹೇಗಿರುತ್ತದೆ ಅಂತ ಗೊತ್ತಿಲ್ಲದವರಿಗೆ: ಚೌಕಾಕಾರದ ಪುಟ್ಟ ಪೋರ್ಟ್, ಬಾಯಿಗೆ ಸಣ್ಣ ಬಾಗಿಲಿನಂಥ ಮುಚ್ಚಳ. ಕನ್ಸೋಲ್ ಆನ್ ಇದ್ದಾಗ ಒಳಗೆ ಕೆಂಪು ಬೆಳಕು ಕಾಣುತ್ತದೆ. ತೋಶಿಬಾದವರು 1983ರಲ್ಲಿ ತಂದ ಟಾಸ್‌ಲಿಂಕ್ ಇದು, ಇಷ್ಟು ವರ್ಷವಾದರೂ ಅದೇ ಪ್ಲಗ್, ಅದೇ ಕೆಂಪು ಬೆಳಕು.

ನಮ್ಮದು ದಪ್ಪದ್ದು, ಹಾಗಾಗಿ ಆರುನೂರು ರೂಪಾಯಿ ಚಿಲ್ಲರೆಯ ಆಪ್ಟಿಕಲ್ ಡಬ್ಬಿ ಸಾಕಾಯಿತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಲೋಹದ ಕವಚ. ಒಂದು ಬದಿಗೆ ಆಪ್ಟಿಕಲ್, ಕೋಆಕ್ಸಿಯಲ್ ಎರಡೂ ಇನ್‌ಪುಟ್, ಇನ್ನೊಂದು ಬದಿಗೆ ಕೆಂಪು-ಬಿಳಿ ಆರ್‌ಸಿಎ, ಜೊತೆಗೆ 3.5 ಎಂಎಂ ಜಾಕ್. ಮೇಲೆ ಹೇಳಿಕೊಳ್ಳುವಂಥ ಹೆಸರಿಲ್ಲ. 24 ಬಿಟ್, 192 ಕಿಲೋಹರ್ಟ್ಸ್ ಅಂತ ದೊಡ್ಡದಾಗಿ ಬರೆದಿದೆ. ಆ ನಂಬರ್ ನೋಡಿ ಜಾಸ್ತಿ ದುಡ್ಡು ಕೊಡಬೇಡಿ, ಗೇಮ್ ಕನ್ಸೋಲ್‌ಗಳು ಸಾಮಾನ್ಯವಾಗಿ ಕಳಿಸುವುದೇ 48 ಕಿಲೋಹರ್ಟ್ಸ್. ಅದನ್ನು ಎಲ್ಲಾ ಡಬ್ಬಿಗಳೂ ತೆಗೆದುಕೊಳ್ಳುತ್ತವೆ.

ಈಗ ಸೆಟ್ಟಿಂಗ್ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಆಪ್ಟಿಕಲ್ ವೈರ್‌ನಲ್ಲಿ ಸದ್ದು ಎರಡು ಥರ ಹೋಗಬಹುದು. ಎಡ-ಬಲ ಎರಡೇ ಚಾನೆಲ್, ಏನೂ ಅದುಮದೆ ಹಾಗೇ ಕಳಿಸಿದರೆ ಅದು ಪಿಸಿಎಂ. ಸುತ್ತಲೂ ಸ್ಪೀಕರ್ ಇಡುವ 5.1 ಸರೌಂಡ್ ಬೇಕು ಅಂದರೆ ಆರು ಚಾನೆಲ್ ಹಾಗೇ ಹಿಡಿಸುವಷ್ಟು ಜಾಗ ಈ ದಾರಿಯಲ್ಲಿ ಇಲ್ಲ, ಆದ್ದರಿಂದ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಅಂತ ಅದುಮಿ ಕಳಿಸುತ್ತಾರೆ. ಈ ಅಗ್ಗದ ಡಬ್ಬಿಗೆ ಬರುವುದು ಪಿಸಿಎಂ ಒಂದೇ. ಡಾಲ್ಬಿ ಬಿಚ್ಚುವ ಚಿಪ್ ಒಳಗೆ ಇಲ್ಲ. ಕನ್ಸೋಲ್ ಡಾಲ್ಬಿ ಕಳಿಸುತ್ತಿದ್ದರೆ ಸ್ಪೀಕರ್ ಪೂರ್ತಿ ಮೌನ, ಇಲ್ಲವೇ ಕಿವಿ ಒಡೆಯುವಂಥ ಚರಪರ ಸದ್ದು. ಡಬ್ಬಿಯ ಲೈಟ್ ಉರಿಯುತ್ತಿರುತ್ತದೆ, ವೈರ್‌ನಲ್ಲಿ ಕೆಂಪು ಬೆಳಕು ಬರುತ್ತಿರುತ್ತದೆ, ಸದ್ದು ಮಾತ್ರ ಇಲ್ಲ. ಡಬ್ಬಿ ಕೆಟ್ಟಿದೆ ಅಂತ ವಾಪಸ್ ಕಳಿಸುವುದು ಇಲ್ಲೇ.

ಪಿಎಸ್4ನಲ್ಲಿ ಸೆಟ್ಟಿಂಗ್ಸ್, ಅಲ್ಲಿಂದ ಸೌಂಡ್ ಅಂಡ್ ಸ್ಕ್ರೀನ್, ಆಮೇಲೆ ಆಡಿಯೊ ಔಟ್‌ಪುಟ್ ಸೆಟ್ಟಿಂಗ್ಸ್‌ಗೆ ಹೋಗಿ. ಪ್ರೈಮರಿ ಔಟ್‌ಪುಟ್ ಪೋರ್ಟ್ ಅಂತ ಇರುವಲ್ಲಿ ಡಿಜಿಟಲ್ ಔಟ್ ಆಪ್ಟಿಕಲ್ ಆರಿಸಿ. ಮುಂದೆ ಯಾವ ಯಾವ ಫಾರ್ಮ್ಯಾಟ್ ಬೇಕು ಅಂತ ಕೇಳುತ್ತದೆ, ಅಲ್ಲಿ ಡಾಲ್ಬಿ, ಡಿಟಿಎಸ್ ಗುರುತು ತೆಗೆದುಹಾಕಿ. ಆಡಿಯೊ ಫಾರ್ಮ್ಯಾಟ್‌ನಲ್ಲಿ ಲೀನಿಯರ್ ಪಿಸಿಎಂ ಇಡಿ. ಅಷ್ಟೇ. ಎಕ್ಸ್‌ಬಾಕ್ಸ್ ಒನ್‌ನಲ್ಲಾದರೆ ಆಪ್ಟಿಕಲ್ ಆಡಿಯೊವನ್ನು ಸ್ಟೀರಿಯೊ ಅನ್‌ಕಂಪ್ರೆಸ್ಡ್ ಅಂತ ಇಡಬೇಕು. ಹೆಸರು ಬೇರೆ, ಅರ್ಥ ಒಂದೇ.

ವೈರ್ ಹೊಸದಾಗಿದ್ದರೆ ಅದರ ಎರಡೂ ತುದಿಗೆ ಪುಟ್ಟ ಪ್ಲಾಸ್ಟಿಕ್ ಟೋಪಿ ಇರುತ್ತದೆ, ಬಣ್ಣವಿಲ್ಲದ್ದು, ಕಣ್ಣಿಗೆ ಸುಲಭವಾಗಿ ಕಾಣಿಸುವುದಿಲ್ಲ. ಅದನ್ನು ತೆಗೆದು ಹಾಕಬೇಕು. ಪ್ಲಗ್ ಒಂದೇ ದಿಕ್ಕಿನಲ್ಲಿ ಕೂರುತ್ತದೆ, ಟಕ್ ಅಂತ ಸದ್ದು ಬರಬೇಕು. ಕೂರಲಿಲ್ಲ ಅಂತ ಬಲ ಹಾಕಿ ಒತ್ತಿದರೆ ಬಾಯಿಯ ಆ ಬಾಗಿಲು ಮುರಿಯುತ್ತದೆ.

ಇನ್ನು ಕರೆಂಟ್. ಡಬ್ಬಿಯ ಜೊತೆ ಅಡಾಪ್ಟರ್ ಬರಲಿಲ್ಲ, ಯುಎಸ್‌ಬಿ ವೈರ್ ಮಾತ್ರ ಬಂತು. 5 ವೋಲ್ಟ್ ಸಾಕು. ಎಲ್ಲರಿಗೂ ಮೊದಲು ಹೊಳೆಯುವುದು ಕನ್ಸೋಲ್‌ನ ಯುಎಸ್‌ಬಿಗೇ ಚುಚ್ಚೋಣ ಅಂತ, ಕನ್ಸೋಲ್ ಜೊತೆಗೇ ಆನ್ ಆಗಿ ಆಫ್ ಆಗುತ್ತದೆ ಅಲ್ವಾ. ನೋಡಲು ಅನುಕೂಲವೇ. ಆದರೆ ಕೇಳಿ ನೋಡಿದರೆ, ಗೇಮ್ ಸುಮ್ಮನಿದ್ದಾಗ ಸ್ಪೀಕರ್‌ನಲ್ಲಿ ತೆಳುವಾಗಿ ಕೀಂಯ್ ಅನ್ನುತ್ತದೆ, ಮೆನು ಮೇಲೆ ಕೆಳಗೆ ಮಾಡಿದಂತೆ ಆ ಸದ್ದೂ ಬದಲಾಗುತ್ತದೆ. ಕನ್ಸೋಲ್‌ನ ಒಳಗಿನ ಗಲಾಟೆ ಯುಎಸ್‌ಬಿಯ ತಂತಿಯ ಮೂಲಕ ಡಬ್ಬಿಗೆ, ಅಲ್ಲಿಂದ ಆಂಪ್ಲಿಫೈಯರ್‌ಗೆ ಬರುತ್ತಿದೆ ಅಂತ ಅರ್ಥ. ಮನೆಯಲ್ಲಿ ಬಿದ್ದಿದ್ದ ಹಳೇ ಮೊಬೈಲ್ ಚಾರ್ಜರ್‌ಗೆ ಹಾಕಿದ ತಕ್ಷಣ ಪೂರ್ತಿ ನಿಂತಿತು. ಆಪ್ಟಿಕಲ್‌ನ ದೊಡ್ಡ ಗುಣವೇ ಇದು, ವೈರ್‌ನಲ್ಲಿ ಹೋಗುವುದು ಬೆಳಕು, ತಾಮ್ರ ಇಲ್ಲ, ಆದ್ದರಿಂದ ಕನ್ಸೋಲ್‌ಗೂ ಆಂಪ್ಲಿಫೈಯರ್‌ಗೂ ಕರೆಂಟಿನ ಸಂಬಂಧವೇ ಕಡಿದುಹೋಗುತ್ತದೆ. ಯುಎಸ್‌ಬಿಯಿಂದ ಪವರ್ ಕೊಟ್ಟರೆ ಕಡಿದ ಸಂಬಂಧವನ್ನು ನಾವೇ ಮತ್ತೆ ಜೋಡಿಸಿದ ಹಾಗಾಯಿತು.

ಹಮ್ ಅಂತ ಕರೆಯುವ ಆ ಗುಂಯ್ ಸದ್ದಿನ ಬಗ್ಗೆಯೂ ಇಲ್ಲೇ ಹೇಳಬೇಕು, ಏಕೆಂದರೆ ನಮ್ಮ ಕಡೆ ಹಳೇ ಮನೆಗಳಲ್ಲಿ ಇದು ತುಂಬಾ ಸಾಮಾನ್ಯ. ಟಿವಿಯ ಹೆಡ್‌ಫೋನ್ ಜಾಕ್‌ನಿಂದ ನೇರ ವೈರ್ ಎಳೆದು ಆಂಪ್ಲಿಫೈಯರ್‌ಗೆ ಕೊಟ್ಟರೆ ಎಷ್ಟೋ ಮನೆಗಳಲ್ಲಿ ಗುಂಯ್ ಅನ್ನುತ್ತದೆ. ಟಿವಿಗೆ ಕೇಬಲ್‌ನವರ ವೈರ್ ಸೆಟ್-ಟಾಪ್ ಬಾಕ್ಸ್ ಮೂಲಕ ಬಂದಿರುತ್ತದೆ, ಆ ವೈರ್‌ನ ಹೊರಕವಚ ಬೇರೆಲ್ಲೋ ಅರ್ತ್ ಆಗಿರುತ್ತದೆ, ನಮ್ಮ ಮನೆಯ ಅರ್ತ್ ಇನ್ನೊಂದು. ಎರಡರ ನಡುವಿನ ಸಣ್ಣ ವ್ಯತ್ಯಾಸವೇ ನಮ್ಮ 50 ಹರ್ಟ್ಸ್ ಕರೆಂಟಿನ ಗುಂಯ್ ಆಗಿ ಸ್ಪೀಕರ್‌ನಲ್ಲಿ ಕೇಳುತ್ತದೆ. ಇದನ್ನು ನಿಲ್ಲಿಸಲು ಕೆಲವರು ಆಂಪ್ಲಿಫೈಯರ್ ಪ್ಲಗ್‌ನ ಅರ್ತ್ ಪಿನ್ ಕತ್ತರಿಸುತ್ತಾರೆ. ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ, ಶಾಕ್ ಹೊಡೆದರೆ ಪ್ರಾಣಕ್ಕೆ ಅಪಾಯ. ಆಪ್ಟಿಕಲ್ ವೈರ್ ಹಾಕಿದರೆ ಆ ಸಮಸ್ಯೆಯೇ ಬರುವುದಿಲ್ಲ.

ಸದ್ದು ಹೇಗಿದೆ? ನನಗೆ ತುಂಬಾ ಇಷ್ಟವಾಯಿತು. ಈಗಿನ ತೆಳು ಟಿವಿಗಳ ಸ್ಪೀಕರ್ ಕೆಳಗೋ ಹಿಂದಕ್ಕೋ ಮುಖ ಮಾಡಿರುತ್ತವೆ, ಮಾತು ಗೋಡೆಗೆ ಬಡಿದು ನಮ್ಮ ಹತ್ತಿರ ಬರುತ್ತದೆ. ನಾನು ಗೇಮ್ ಆಡುವಾಗ ಮಾತು ತಿಳಿಯದೆ ಸಬ್‌ಟೈಟಲ್ ಹಾಕಿಕೊಳ್ಳುತ್ತಿದ್ದೆ. ಈಗ ತೆಗೆದುಹಾಕಿದ್ದೇನೆ. ರೇಸಿಂಗ್ ಗೇಮ್‌ನಲ್ಲಿ ಹಿಂದಿನ ಕಾರು ಯಾವ ಬದಿಯಿಂದ ದಾಟಲು ಬರುತ್ತಿದೆ ಅನ್ನುವುದು ಕನ್ನಡಿ ನೋಡದೆ ಗೊತ್ತಾಗುತ್ತದೆ, ಕಾಡಿನ ಸೀನ್‌ನಲ್ಲಿ ಮಳೆ ಎಡಗಡೆ ಎಲೆಯ ಮೇಲೆ, ಬಲಗಡೆ ತಗಡಿನ ಮೇಲೆ ಬೀಳುವುದು ಬೇರೆ ಬೇರೆಯಾಗಿ ಕೇಳುತ್ತದೆ. ಇದು ಸ್ಟೀರಿಯೊ ಮಾತ್ರ, ಸರೌಂಡ್ ಅಲ್ಲ, ಆದರೂ ಸರಿಯಾಗಿ ದೂರ ಇಟ್ಟ ಎರಡು ಒಳ್ಳೆ ಸ್ಪೀಕರ್ ಏನು ಮಾಡಬಲ್ಲವು ಅಂತ ಕೇಳಿಯೇ ತಿಳಿಯಬೇಕು. ವಾಲ್ಯೂಮ್ ತುಂಬಾ ಏರಿಸಿ, ಗೇಮ್ ನಿಲ್ಲಿಸಿ, ಸ್ಪೀಕರ್‌ಗೆ ಕಿವಿ ಹಚ್ಚಿದರೆ ಸಣ್ಣ ಸ್ ಅನ್ನುವ ಸದ್ದು ಇದೆ. ಸೋಫಾದಲ್ಲಿ ಕೂತರೆ ಕೇಳಿಸುವುದಿಲ್ಲ. ಮನೆಯಲ್ಲಿ ದೊಡ್ಡ ಆಂಪ್ಲಿಫೈಯರ್ ಇಲ್ಲದವರು ಎಫ್ ಅಂಡ್ ಡಿ, ಜೆಬ್ರಾನಿಕ್ಸ್ ಥರದ 2.1 ಸ್ಪೀಕರ್‌ಗೂ ಇದನ್ನೇ ಜೋಡಿಸಬಹುದು. ಡಬ್ಬಿಯಲ್ಲಿ ವಾಲ್ಯೂಮ್ ಇಲ್ಲ, ಸ್ಪೀಕರ್‌ನಲ್ಲಿ ಗುಂಡಿ ಇರಬೇಕು ಅಷ್ಟೇ. ಟಿವಿ ಸ್ಪೀಕರ್ ಪೂರ್ತಿ ಮ್ಯೂಟ್ ಮಾಡಿ, ಇಲ್ಲದಿದ್ದರೆ ಎರಡೂ ಕಡೆಯ ಸದ್ದು ಒಂದರ ಹಿಂದೆ ಒಂದು ಬಂದು ಮಾತು ಕಲಸಿಹೋಗುತ್ತದೆ.

ಪಿಎಸ್5 ಕಥೆ ಬೇರೆ. ತಮ್ಮನ ಹತ್ತಿರ ಇರುವುದು ಅದೇ. ಅದಕ್ಕೆ ಎಚ್‌ಡಿಎಂಐ ಆಡಿಯೊ ಎಕ್ಸ್‌ಟ್ರಾಕ್ಟರ್ ಅಂತ ಸಿಗುವ ಇನ್ನೊಂದು ಡಬ್ಬಿ ತಂದೆವು, ಹೆಚ್ಚುಕಡಿಮೆ ಎರಡು ಸಾವಿರ ಆಯಿತು. ಕನ್ಸೋಲ್‌ನಿಂದ ಚಿತ್ರ, ಸದ್ದು ಎರಡನ್ನೂ ತರುವ ಎಚ್‌ಡಿಎಂಐ ವೈರ್ ಇದರೊಳಗೆ ಹೋಗುತ್ತದೆ, ಚಿತ್ರ ಟಿವಿಗೆ ಮುಂದೆ ಹೋಗುತ್ತದೆ, ಸದ್ದನ್ನು ಮಾತ್ರ ಇದು ಬೇರೆ ಮಾಡಿ ಆರ್‌ಸಿಎ, ಆಪ್ಟಿಕಲ್ ಎರಡರಲ್ಲೂ ಕೊಡುತ್ತದೆ. ಪಕ್ಕದಲ್ಲಿ ಪಾಸ್, 2 ಚಾನೆಲ್, 5.1 ಅಂತ ಪುಟ್ಟ ಸ್ವಿಚ್ ಇದೆ. ಹಳೇ ಸ್ಟೀರಿಯೊಗೆ ಕೊಡುವುದಾದರೆ 2 ಚಾನೆಲ್‌ಗೆ ತಳ್ಳಿ. ಆಗ ಡಬ್ಬಿಯೇ ಪಿಎಸ್5ಗೆ 'ಮುಂದೆ ಇರುವುದು ಎರಡೇ ಚಾನೆಲ್' ಅಂತ ತಿಳಿಸುತ್ತದೆ, ಅದೂ ಸ್ಟೀರಿಯೊ ಕಳಿಸುತ್ತದೆ. ಪಾಸ್‌ನಲ್ಲಿ ಬಿಟ್ಟರೆ ಟಿವಿ ಏನು ಕೇಳುತ್ತದೋ ಅದನ್ನೇ ಕನ್ಸೋಲ್ ಕೊಡುತ್ತದೆ, ಆಗ ಆರ್‌ಸಿಎ ಕಡೆ ಸದ್ದು ಬಂದರೆ ಬಂತು ಇಲ್ಲದಿದ್ದರೆ ಇಲ್ಲ.

ಈ ಡಬ್ಬಿಯನ್ನು ಪೂರ್ತಿ ಮನಸ್ಸಿನಿಂದ ಶಿಫಾರಸು ಮಾಡಲು ನನಗೆ ಆಗುತ್ತಿಲ್ಲ. ಸದ್ದು ಚೆನ್ನಾಗಿಯೇ ಇದೆ. ತೊಂದರೆ ಚಿತ್ರದ್ದು. ಇದು ಎಚ್‌ಡಿಎಂಐ 2.0, ಅಂದರೆ ಸೆಕೆಂಡಿಗೆ 18 ಗಿಗಾಬಿಟ್, 4ಕೆ 60 ಫ್ರೇಮ್‌ವರೆಗೆ ಸರಿ. ಪಿಎಸ್5ನ ಎಚ್‌ಡಿಎಂಐ 2.1, 120 ಹರ್ಟ್ಸ್ ಟಿವಿ ಇದ್ದವರಿಗೆ 4ಕೆ 120 ಕೊಡಬಲ್ಲದು. ನಡುವೆ ಈ ಡಬ್ಬಿ ಕೂತರೆ ಅದು ಹೋಯಿತು, ಗೇಮ್‌ನ ಫ್ರೇಮ್ ವೇಗಕ್ಕೆ ಟಿವಿಯನ್ನು ಹೊಂದಿಸುವ ವಿಆರ್‌ಆರ್ ಕೂಡ ಹೋಯಿತು. ಅಷ್ಟು ದುಡ್ಡು ಕೊಟ್ಟು ಅಂಥ ಟಿವಿ ತಂದು, ಸದ್ದಿಗೋಸ್ಕರ ಚಿತ್ರ ಕೆಡಿಸಿಕೊಳ್ಳುವುದು ಸರಿಯಲ್ಲ. ಸಾಮಾನ್ಯ 60 ಹರ್ಟ್ಸ್ ಟಿವಿ ಇದ್ದರೆ ಚಿಂತೆ ಇಲ್ಲ. ಬೆಳಕು-ನೆರಳು, ಬಣ್ಣ ಇನ್ನೂ ಚೆನ್ನಾಗಿ ತೋರಿಸುವ ಎಚ್‌ಡಿಆರ್ ಬೇಕಾದವರು ಡಬ್ಬದ ಮೇಲೆ ಅದು ಬರೆದಿದೆಯಾ ಅಂತ ನೋಡಿ. ಆಗಾಗ ಸ್ಕ್ರೀನ್ ಕಪ್ಪಾದರೆ ಕಾಪಿ ತಡೆಯುವ ಎಚ್‌ಡಿಸಿಪಿ ಕಾರಣ ಇರಬಹುದು. ಪಿಎಸ್5ನ ಸಿಸ್ಟಮ್, ಎಚ್‌ಡಿಎಂಐ ಮೆನುವಿನಲ್ಲಿ ಅದನ್ನು ಆಫ್ ಮಾಡಿ ನೋಡಬಹುದು, ಆದರೆ ಆಗ ಸಿನಿಮಾ ನೋಡುವ ಆ್ಯಪ್‌ಗಳು ಓಡುವುದಿಲ್ಲ.

ಹಾಗಾದರೆ ಪಿಎಸ್5 ಇರುವವರು ಏನು ಮಾಡಬೇಕು? ಟಿವಿಯ ಹಿಂದೆ ಬಗ್ಗಿ ನೋಡಿ. ಅಲ್ಲಿ ಆಪ್ಟಿಕಲ್ ಔಟ್ ಇದ್ದರೆ ನಿಮ್ಮ ಕೆಲಸ ಆರುನೂರು ರೂಪಾಯಿಯಲ್ಲೇ ಮುಗಿಯಿತು. ಕನ್ಸೋಲ್‌ನಿಂದ ಟಿವಿಗೆ ನೇರ ಎಚ್‌ಡಿಎಂಐ, ಟಿವಿಯ ಆಪ್ಟಿಕಲ್‌ನಿಂದ ಮೇಲೆ ಹೇಳಿದ ಅದೇ ಪುಟ್ಟ ಡಬ್ಬಿ, ಅಲ್ಲಿಂದ ಆಂಪ್ಲಿಫೈಯರ್. ಟಿವಿಯ ಸೌಂಡ್ ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ ಅನ್ನು ಆಟೊ ಬಿಟ್ಟು ಪಿಸಿಎಂ ಮಾಡಿ. ಚಿತ್ರಕ್ಕೆ ಏನೂ ಆಗುವುದಿಲ್ಲ. ಇನ್ನೊಂದು ಲಾಭ, ಟಿವಿಗೆ ಚುಚ್ಚಿದ ಎಲ್ಲದರ ಸದ್ದೂ ಇದೇ ದಾರಿಯಲ್ಲಿ ಬರುತ್ತದೆ, ಸೆಟ್-ಟಾಪ್ ಬಾಕ್ಸ್, ನಿಂಟೆಂಡೊ ಸ್ವಿಚ್, ಯೂಟ್ಯೂಬ್ ಎಲ್ಲಾ. ದಸರಾ ಮೆರವಣಿಗೆಯ ನೇರಪ್ರಸಾರವನ್ನು ಅಪ್ಪನ ಸ್ಪೀಕರ್‌ನಲ್ಲಿ ಕೇಳಿದ್ದು ಹೀಗೆಯೇ, ಪೊಲೀಸ್ ಬ್ಯಾಂಡ್ ಆ ಸ್ಪೀಕರ್‌ನಲ್ಲಿ ಬೇರೆಯದೇ ಲೋಕ. ಟಿವಿ ರಿಮೋಟ್‌ನ ವಾಲ್ಯೂಮ್ ಸಾಮಾನ್ಯವಾಗಿ ಈ ದಾರಿಗೆ ಕೆಲಸ ಮಾಡುವುದಿಲ್ಲ, ಎದ್ದು ಹೋಗಿ ಆಂಪ್ಲಿಫೈಯರ್‌ನ ಗುಂಡಿ ತಿರುಗಿಸಬೇಕು. ಟಿವಿ ಕೆಲವೊಮ್ಮೆ ಸದ್ದನ್ನು ಸ್ವಲ್ಪ ತಡ ಮಾಡುತ್ತದೆ. ಗೇಮ್ ಮೋಡ್ ಹಾಕಿ ನೋಡಿ. ಟಿವಿಯಲ್ಲಿ ಆಪ್ಟಿಕಲ್ ಇಲ್ಲದೆ ಎಆರ್‌ಸಿ ಅಂತ ಬರೆದ, ಟಿವಿಯ ಸದ್ದನ್ನು ಹೊರಗೆ ಕಳಿಸಬಲ್ಲ ಎಚ್‌ಡಿಎಂಐ ಪೋರ್ಟ್ ಮಾತ್ರ ಇದ್ದರೆ, ಎಆರ್‌ಸಿಯಿಂದ ಆರ್‌ಸಿಎ ಮಾಡುವ ಡಬ್ಬಿಯೇ ಬೇರೆ, ಅಂಗಡಿಯಲ್ಲಿ ಎಆರ್‌ಸಿ ಅನ್ನುವ ಪದ ಹೇಳಿ ಕೇಳಬೇಕು.

ಹೆಡ್‌ಫೋನ್‌ನವರಿಗೆ ನನ್ನ ಸಲಹೆ ಬೇರೆ. ಈ ಆಪ್ಟಿಕಲ್ ಡಬ್ಬಿಯ 3.5 ಎಂಎಂ ಜಾಕ್‌ಗೆ ಇಯರ್‌ಫೋನ್ ಹಾಕಿದರೆ ಸದ್ದು ಬರುತ್ತದೆ, ಆದರೆ ಸೊರಗಿದ ಸದ್ದು, ವಾಲ್ಯೂಮ್ ನಿಮ್ಮ ಕೈಯಲ್ಲಿ ಇಲ್ಲ. ಆ ಜಾಕ್ ಇರುವುದು ಸ್ಪೀಕರ್‌ಗೆ ಕೊಡಲಿಕ್ಕೆ, ಹೆಡ್‌ಫೋನ್ ಓಡಿಸುವ ಶಕ್ತಿ ಅದಕ್ಕಿಲ್ಲ. 250 ಓಮ್‌ನಂಥ ದೊಡ್ಡ ಹೆಡ್‌ಫೋನ್ ಇದ್ದರಂತೂ ಬೇಡವೇ ಬೇಡ. ವಾಲ್ಯೂಮ್ ಗುಂಡಿ ಇರುವ, ಒಳಗೆ ಹೆಡ್‌ಫೋನ್ ಆಂಪ್ಲಿಫೈಯರ್ ಇರುವ ಮಾದರಿಯೂ ಸಿಗುತ್ತದೆ, ಸ್ವಲ್ಪ ಜಾಸ್ತಿ ಬೆಲೆ. ಇನ್ನೊಂದು ವಿಷಯ, ಆನ್‌ಲೈನ್ ಆಡುತ್ತಾ ಗೆಳೆಯರ ಜೊತೆ ಮಾತಾಡುವವರಿಗೆ ಇದು ಉಪಯೋಗಕ್ಕೆ ಬರುವುದಿಲ್ಲ. ಆಪ್ಟಿಕಲ್‌ನಲ್ಲಿ ಸದ್ದು ಹೊರಗೆ ಮಾತ್ರ ಬರುತ್ತದೆ, ನಿಮ್ಮ ಮೈಕ್ ಒಳಗೆ ಹೋಗುವುದಿಲ್ಲ.

ಅಂಥವರು ಸುಮ್ನೆ ಕಂಟ್ರೋಲರ್‌ನ ಜಾಕ್‌ಗೆ ಹೆಡ್‌ಸೆಟ್ ಹಾಕಿ. ಪಿಎಸ್4, ಪಿಎಸ್5 ಎರಡರ ಕಂಟ್ರೋಲರ್‌ನಲ್ಲೂ ಇದೆ, ಮೈಕ್ ಕೂಡ ಓಡುತ್ತದೆ. ಪಿಎಸ್5ನ 3ಡಿ ಆಡಿಯೊ ಹೆಡ್‌ಫೋನ್‌ನಲ್ಲಿ ಬೇಕಾದರೂ ಈ ದಾರಿಯೇ ಸರಿ. ಅಥವಾ ಒಂದು ಸಣ್ಣ ಯುಎಸ್‌ಬಿ ಸೌಂಡ್ ಕಾರ್ಡ್ ತನ್ನಿ, ಯುಎಸ್‌ಬಿ ಆಡಿಯೊ ಕ್ಲಾಸ್ 1 ಅಂತ ಇರುವುದು ಪ್ಲೇಸ್ಟೇಷನ್‌ಗೆ ಹೊಂದುತ್ತದೆ. ಎಕ್ಸ್‌ಬಾಕ್ಸ್‌ಗೆ ತರಬೇಡಿ, ಅದು ಇಂಥ ಸಾಮಾನ್ಯ ಸೌಂಡ್ ಕಾರ್ಡ್ ಒಪ್ಪುವುದಿಲ್ಲ. ನಿಂಟೆಂಡೊ ಸ್ವಿಚ್ ಇರುವವರಿಗೆ ಡಬ್ಬಿಯ ಖರ್ಚೇ ಇಲ್ಲ. ಡಾಕ್‌ನಲ್ಲಿ ಕೂತಿದ್ದಾಗಲೂ ಅದರ ತಲೆಯ ಮೇಲಿನ ಹೆಡ್‌ಫೋನ್ ಜಾಕ್ ಕೆಲಸ ಮಾಡುತ್ತದೆ, ಅಲ್ಲಿಂದ ಒಂದು 3.5 ಎಂಎಂ–ಆರ್‌ಸಿಎ ವೈರ್ ಎಳೆದರೆ ನೇರ ಆಂಪ್ಲಿಫೈಯರ್‌ಗೆ.

ಬ್ಲೂಟೂತ್ ಯಾಕೆ ಬೇಡ ಅಂತ ಅಂಗಡಿಯಲ್ಲಿ ಪಕ್ಕದಲ್ಲಿ ನಿಂತಿದ್ದ ಹುಡುಗ ಕೇಳಿದ. ಹಾಡಿಗೆ ಪರವಾಗಿಲ್ಲ. ಗೇಮ್‌ಗೆ ಬೇಡ. 60 ಫ್ರೇಮ್‌ನ ಗೇಮ್‌ನಲ್ಲಿ ಒಂದು ಫ್ರೇಮ್ ಅಂದರೆ 16.7 ಮಿಲಿಸೆಕೆಂಡ್. ಸಾಮಾನ್ಯ ಬ್ಲೂಟೂತ್ ಸುಲಭವಾಗಿ 100 ಮಿಲಿಸೆಕೆಂಡ್ ದಾಟುತ್ತದೆ. ಕ್ರಿಕೆಟ್ ಗೇಮ್‌ನಲ್ಲಿ ಚೆಂಡು ಬ್ಯಾಟಿಗೆ ತಾಗಿ ಕವರ್ಸ್ ಕಡೆ ಹೊರಟ ಮೇಲೆ ಟಕ್ ಅಂತ ಕೇಳಿದರೆ ಟೈಮಿಂಗ್ ಕಲಿಯುವುದಾದರೂ ಹೇಗೆ? ವೈರ್ ಹಾಕಿದ ಈ ಡಬ್ಬಿಯಲ್ಲಿ ಅಂಥ ತಡ ನನ್ನ ಕಿವಿಗೆ ಒಂದು ಸಲವೂ ಗೊತ್ತಾಗಿಲ್ಲ. ಅಲ್ಲದೆ ಪಿಎಸ್5, ಎಕ್ಸ್‌ಬಾಕ್ಸ್ ಎರಡೂ ಸಾಮಾನ್ಯ ಬ್ಲೂಟೂತ್ ಹೆಡ್‌ಫೋನ್‌ಗೆ ನೇರವಾಗಿ ಜೋಡಿಯಾಗುವುದೇ ಇಲ್ಲ. ಸ್ವಿಚ್‌ಗೆ ಮಾತ್ರ 2021ರ ಅಪ್‌ಡೇಟ್‌ನಲ್ಲಿ ಆ ಸೌಲಭ್ಯ ಬಂತು.

ಕೊಳ್ಳುವವರಿಗೆ ಅಂಗಡಿಯ ವಿಷಯ. ಮೈಸೂರಿನಲ್ಲಿ ಇದ್ದರೆ ಆನ್‌ಲೈನ್‌ಗಿಂತ ಶಿವರಾಂಪೇಟೆ ಕಡೆಯ ಸಣ್ಣ ಅಂಗಡಿಗಳಲ್ಲಿ ಕೇಳುವುದು ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ. ಐವತ್ತು ರೂಪಾಯಿ ಜಾಸ್ತಿ ಆಗಬಹುದು, ಆದರೆ ನನಗೆ ಕೊಟ್ಟವರು ಅಲ್ಲೇ ಒಂದು ಟಿವಿಯ ಆಪ್ಟಿಕಲ್‌ಗೆ ಹಾಕಿ, ಸ್ಪೀಕರ್‌ಗೆ ಜೋಡಿಸಿ, ಎಡ-ಬಲ ಎರಡೂ ಬರುತ್ತಿದೆ ಅಂತ ಕೇಳಿಸಿಯೇ ಪ್ಯಾಕ್ ಮಾಡಿದರು. 'ಸದ್ದು ಬರ್ಲಿಲ್ಲ ಅಂದ್ರೆ ವಾಪಸ್ ತರೋದಕ್ಕೆ ಮುಂಚೆ ಒಂದ್ ಫೋನ್ ಮಾಡಿ ಮೇಡಂ, ಸೆಟ್ಟಿಂಗ್ ಹೇಳ್ತೀನಿ' ಅಂದರು. ಹೋಗುವ ಮೊದಲು ಕನ್ಸೋಲ್‌ನ ಹಿಂಭಾಗ, ಟಿವಿಯ ಹಿಂಭಾಗ, ಆಂಪ್ಲಿಫೈಯರ್‌ನ ಹಿಂಭಾಗ ಮೂರರ ಫೋಟೊ ಮೊಬೈಲ್‌ನಲ್ಲಿ ತೆಗೆದುಕೊಂಡು ಹೋಗಿ. ಆಪ್ಟಿಕಲ್ ವೈರ್ ಡಬ್ಬಿಯ ಜೊತೆ ಬರುತ್ತದೆಯಾ ಕೇಳಿ. ನನಗೆ ಬಂದದ್ದು ಒಂದು ಮೀಟರ್, ಟಿವಿ ಸ್ಟ್ಯಾಂಡ್‌ನಿಂದ ಆಂಪ್ಲಿಫೈಯರ್‌ವರೆಗೆ ಸಾಲಲಿಲ್ಲ, ಮೂರು ಮೀಟರಿನದ್ದು ಬೇರೆ ತಂದೆ. ಚಿನ್ನದ ಲೇಪ ಇದೆ ಅಂತ ದುಬಾರಿ ಆಪ್ಟಿಕಲ್ ವೈರ್ ಯಾರಾದರೂ ತೋರಿಸಿದರೆ ಬೇಡ ಅನ್ನಿ, ಬೆಳಕಿಗೆ ಚಿನ್ನದಿಂದ ಏನೂ ಆಗಬೇಕಾಗಿಲ್ಲ. ಆ ದುಡ್ಡಿಗೆ ಒಂದು ಗಟ್ಟಿಯಾದ ಆರ್‌ಸಿಎ ವೈರ್ ತನ್ನಿ, ಡಬ್ಬಿಯ ಜೊತೆ ಅದು ಬರುವುದಿಲ್ಲ.